ಅಯಸ್ಕಾಂತಕ್ಕೆ ಸುತ್ತಿದ ಪಟ್ಟಿ

ಲಾ ಸ್ಪೆಜಿಯಾ, ಸೋಮವಾರ

ಅಕ್ಕಾ,

ವಿದ್ಯುತ್ ಸ್ಥಾವರದ ಕುಲುಮೆಯಲ್ಲಿ ಸೂರ್ಯನಂಥ ಬೆಂಕಿಯನ್ನು ಗೋಡೆಗೆ ತಾಕದಂತೆ ಹಿಡಿದಿಡುವ ಅತಿವಾಹಕ ಅಯಸ್ಕಾಂತವನ್ನು ಈ ಕಾರ್ಖಾನೆಯಲ್ಲಿ ಮಾಡುತ್ತಾರೆ; ಅದು ನಮ್ಮ ಮನೆಗಿಂತ ಎತ್ತರ. ಅದರ ತಂತಿಸುರುಳಿಗೆ ಗಾಜುನೂಲಿನ ಪಟ್ಟಿ ಸುತ್ತುವ ಕೆಲಸಕ್ಕೆ ಇಂದು ನನ್ನ ಪರೀಕ್ಷೆ. ತಪ್ಪಿದ್ದರೆ ಸಂಜೆಯ ರೈಲಿಗೇ ವಾಪಸ್ಸು. ಯಂತ್ರಕ್ಕೆ ಎಟುಕದ ಮೂಲೆಯಲ್ಲಿ ಕೈ ತಾನಾಗಿಯೇ ನಡೆಯಿತು: ಪ್ರತಿ ಸುತ್ತೂ ಹಿಂದಿನದನ್ನು ಅರ್ಧ ಮುಚ್ಚುತ್ತ, ಅಪ್ಪನ ಹುಣ್ಣಾದ ಕಾಲಿಗೆ ನಾವಿಬ್ಬರೂ ಸುತ್ತುತ್ತಿದ್ದ ಹಾಗೆ.

ಮೇಸ್ತ್ರಿ ಇವಾನೋ ಉಗುರಲ್ಲಿ ಕೆದಕಿ ನೋಡಿದ. "ಯಾವ ಕಾರ್ಖಾನೇಲಿ ಕಲಿತ್ರಿ, ಅಜ್ಜಿ?"

"ಅಡುಗೆಮನೇಲಿ ಕಣಪ್ಪ, ನಮ್ಮಪ್ಪನ ಕಾಲಿಗೆ ಸುತ್ತಿ. ಪಟ್ಟೀಲಿ ಸುಕ್ಕು ಬಿದ್ರೆ ಅದೇ ಕಾಲಲ್ಲಿ ಒದೀತಿದ್ರು."

ನಕ್ಕು ನನ್ನ ನೇಮಕದ ಕಾಗದಕ್ಕೆ ರುಜು ಹಾಕಿದ. ಅಪ್ಪ ಇದ್ದಿದ್ದರೆ ಕುಂಟುತ್ತಲೇ ಊರಿಗೆಲ್ಲ ಸಾರಿ ಬರುತ್ತಿದ್ದರು.

ಸೊಂಟ ನೋಯುತ್ತದೆ, ಹಸಿವು ಚೆನ್ನಾಗಿದೆ. ಮಾರ್ಚಿವರೆಗೆ ಕೆಲಸ; ನನ್ನ ಚಳಿಗಾಲದ ಕೋಟು ಕಳಿಸು.

ಝೀತಾ