ಕೆಂಪು ಸೀರೆಯ ಹಸಿರಂಚು

ಪ್ರೀತಿಯ ಮಾವನವರೇ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಖುಷಿಯ ಅವಸರದಲ್ಲಿ ಬರೆಯುತ್ತಿದ್ದೇನೆ.

ಕೊಳ್ಳೇಗಾಲದಲ್ಲಿ ನಾನು ಸ್ಟುಡಿಯೋ ತೆರೆದ ದಿನ ನೆನಪಿದೆಯೇ? ನೀವೇ ನೇದ ಕೆಂಪು ಸೀರೆ ಹಿಡಿದು ಫೋಟೋಗೆ ನಿಂತಿರಿ. ಕಪ್ಪು-ಬಿಳುಪು ಚಿತ್ರದಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗಿ ಅಂಚೇ ಮಾಯವಾಯಿತು. "ಏನಳಿಯಂದ್ರೇ, ನಾನ್ ನೇದಿದ್ದು ಸೀರೆಯಾ, ಕಂಬ್ಳಿಯಾ?" ಎಂದಿರಿ. ಎಲ್ಲರೂ ನಕ್ಕರು, ನನ್ನೊಬ್ಬನನ್ನು ಬಿಟ್ಟು. ಈಗ ಹಾರ ಹಾಕಿಸಿಕೊಂಡು ಗೋಡೆಯ ಮೇಲಿರುವುದೂ ಅದೇ ಫೋಟೋ. ನಿಮ್ಮದು ಬೇರೊಂದಿದ್ದರೆ ತಾನೇ...

ನಿಮ್ಮ ಕೊನೆಯ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಅತ್ತೆ ಮುಗಿಸಿದರು. ಅದೇ ಕೆಂಪು, ಅದೇ ಹಸಿರಂಚು. ಆದರೆ ನೇಯುವವರ ಮನೆಯಲ್ಲಿ ಸೀರೆ ಉಳಿಯುವುದುಂಟೇ? ನಾಳೆ ನೂಲು ಕೊಟ್ಟ ಸಾಹುಕಾರರ ಕಡೆಯವರು ಬಂದು ಒಯ್ಯುತ್ತಾರೆ. ನಮಗೆ ಉಳಿಯುವುದು ಫೋಟೋ ಒಂದೇ. ಅದರಲ್ಲೂ ಅಂಚು ಕಾಣದಿದ್ದರೆ?

ಅದಕ್ಕೇ ಮೈಸೂರಿಗೆ ಓಡಿದೆ. ಲೆನ್ಸಿನ ಮುಂದೆ ಹಸಿರು ಫಿಲ್ಟರ್ ಇಟ್ಟರೆ ಹಸಿರು ತಿಳಿಯಾಗಿ, ಕೆಂಪು ಕಪ್ಪಾಗಿ ಬರುತ್ತದಂತೆ. ಅಂಗಡಿಯವರು ಎರಡು ಕೊಟ್ಟು, ಬೇಡವಾದದ್ದನ್ನು ವಾಪಸ್ ತನ್ನಿ ಎಂದರು. ಒಂದು ಗಾಜಿನದು, ಇನ್ನೊಂದು ಹೊಸದಾಗಿ ಬಂದಿರುವ, ಪ್ಲಾಸ್ಟಿಕ್ಕಿನಂಥ ರೆಸಿನ್ನಿನದು. ನನ್ನ ಮನಸ್ಸೆಲ್ಲ ರೆಸಿನ್ ಮೇಲೆ. ಹಗುರ, ಬಿದ್ದರೂ ಒಡೆಯದು. ಮದುವೆ ಫೋಟೋಗೆಂದು ಹನೂರಿನ ಬಸ್ಸಿನಲ್ಲಿ ಕುಲುಕಾಡುವವನಿಗೆ ಇನ್ನೇನು ಬೇಕು ಹೇಳಿ?

ಅದನ್ನು ಅತ್ತೆಯ ಕೈಗೆ ಕೊಟ್ಟದ್ದೇ ತಡ, ರೇಷ್ಮೆಯ ಚೂರು ತೆಗೆದುಕೊಂಡು ಉಜ್ಜತೊಡಗಿದರು. ರೇಷ್ಮೆಗಿಂತ ನಯವಾದ ಬಟ್ಟೆ ಲೋಕದಲ್ಲಿಲ್ಲ ಎನ್ನುವುದು ನಿಮ್ಮ ಮನೆಯವರ ನಂಬಿಕೆಯಲ್ಲವೇ? ಉಜ್ಜಿದಷ್ಟೂ ಮಗ್ಗದ ಸುತ್ತಲಿನ ಎಳೆಪುಡಿಯೆಲ್ಲ, ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಹತ್ತುವಂತೆ, ಎದ್ದು ಬಂದು ರೆಸಿನ್ನಿಗೆ ಅಂಟಿಕೊಂಡಿತು. "ಇದೇನಪ್ಪಾ, ವರ್ಸಿದಷ್ಟೂ ಜುಂಗು ಬೆಳೀತದೆ. ಗಾಜಿಂದೇ ಆಕಿ, ಒಡುದ್ರೆ ಒಡೀಲಿ" ಎಂದರು. ಗಾಜಿನದಕ್ಕೆ ಉಸಿರು ಊದಿ ಪಂಚೆಯ ತುದಿಯಲ್ಲಿ ಒರೆಸಿದೆ, ಶುಭ್ರವಾಯಿತು. ಸೀರೆಯನ್ನು ಬಾಗಿಲ ಬೆಳಕಿಗೆ ಹರಡಿ, ಉಸಿರು ಬಿಗಿಹಿಡಿದು ತೆಗೆದೆ.

ಪ್ರಿಂಟನ್ನು ಈಗಷ್ಟೇ ನೀರಿನಿಂದ ಎತ್ತಿದೆ. ಅಂಚು ಬಂದಿದೆ ಮಾವ, ಅಂಚು ಬಂದಿದೆ! ಅತ್ತೆ ಒದ್ದೆ ಕಾಗದದ ಮೇಲೆ ಬೆರಳಾಡಿಸಿ, "ಇಲ್ಲೀಗಂಟ ಅವ್ರುದು, ಇಲ್ಲಿಂದ ನಂದು" ಎಂದು ತೋರಿಸಿದರು. ನಾನೆಷ್ಟು ಕಣ್ಣು ಕಿರಿದು ಮಾಡಿದರೂ ಆ ಜಾಗ ಸಿಗಲಿಲ್ಲ.

ಗೋಡೆಯ ಮೇಲೆ ನೀವು ಹಿಡಿದಿರುವ ಸೀರೆಗೆ ಅಂಚು ತರುವುದು ಯಾವ ಫಿಲ್ಟರಿಗೂ ಸಾಧ್ಯವಿಲ್ಲ. ಇದನ್ನು ಅದರ ಪಕ್ಕದಲ್ಲೇ ತೂಗುಹಾಕುತ್ತೇನೆ. ಇನ್ನು ಮೇಲೆ ಕಂಬಳಿ ಅನ್ನುವಂತಿಲ್ಲ.

ನಿಮ್ಮ ಅಳಿಯ