ಹದಿನಾಲ್ಕೂ ಹೌದು, ನಾಲ್ಕೂ ಹೌದು

ಮಸ್ಕಿ,
ರವಿವಾರ, ೨೩ ಜನವರಿ ೧೯೫೫

ಲಿಂಗಸುಗೂರಿನ ಲೆಕ್ಕದ ಮಾಸ್ತರಿಗೆ, ತವರುಮನಿ ಪಡಸಾಲ್ಯಾಗ ಕುಂತು ಅವರ ಮನಿಯಾಕಿ ಮಾಡುವ ಶರಣು.

ಲಕೋಟಿ ಮ್ಯಾಲ ನಿಮ್ಮ ಹೆಸರು ಬ್ಯಾರೆಯವರ ಅಕ್ಷರದಾಗ ಐತಿ ಅಂತ ಗಾಬರಿ ಆಗಬ್ಯಾಡ್ರಿ. ಗಂಡನ ಹೆಸರು ಬಾಯಿಲೇ ಹೇಳಬಾರದು ಅಂತ ಅವ್ವ ಸಣ್ಣಾಕಿ ಇದ್ದಾಗಿಂದ ಕಲಿಸ್ಯಾಳ. ಬರೀಬಹುದೋ ಬರೀಬಾರದೋ ಅಂತ ಯಾರೂ ಹೇಳಿಲ್ಲ. ಸುಮ್ನ ಯಾಕ ಅಂತ ಬುಡ್ಡೇಸಾಬ್ ಮಾಸ್ತರ ಕೈಲೆ ಬರೆಸೀನಿ. ಮಧ್ಯಾಹ್ನದ ಮೋಟರಿಗೆ ಅವರು ನಿಮ್ಮ ಸಾಲಿ ಹುಡುಗರನ್ನ ಕರಕೊಂಡು ಹೊಂಟಾರ, ಕಾಗದಾನೂ ಅವರ ಕೈಯಾಗ ಕಳಸಾಕತ್ತೀನಿ. ಸಕೀನಾಬೀಗೆ ಏನೂ ಕೇಳೋಕಿಂತ ಮುಂಚೆ ಇದನ್ನ ಪೂರಾ ಓದ್ರಿ. ಲೆಕ್ಕದ ಪಂದ್ಯದಾಗ ನಿಮ್ಮ ಸಾಲಿ ಸೋತೈತಿ. ಹಿತ್ತಾಳಿ ಢಾಲು ಸಿಂಧನೂರಿಗೆ ಹೋಗೇತಿ. ಹುಡುಗಿ ಕೈಯಾಗ ಬಂದದ್ದನ್ನ ಕಳಕೊಂಡಾಳ ಅಂತ ನಿಮ್ಮ ಹೆಡ್‌ಮಾಸ್ತರು ಬೈಯಾಕ ನಿಂತಿರತಾರ. ಖರೇನ ಕಳಕೊಂಡಾಳ. ಹೆಂಗ ಅಂತ ನಾನೇ ಹೇಳಬೇಕು, ಆಕಿ ತಾನಾಗಿ ಹೇಳೂದಿಲ್ಲ.

ಕಾಗದ ಬರೆದಾಳ ಅಂದಕೂಡ್ಲೇ ಸಿಟ್ಟು ಇಳದೈತಿ ಅಂತ ತಿಳೀಬ್ಯಾಡ್ರಿ. ನನಗ ಎಲ್ಲಾ ನೆನಪೈತಿ. ದಸರಾ ಮುಂದ ನನ್ನ ತಮ್ಮಗ ಹೆಣ್ಣು ನಿಶ್ಚೆ ಮಾಡಾಕ ಅಂತ ನಾವಿಬ್ಬರೂ ಸಿಂಧನೂರಿಗೆ ಹೊಂಟಿದ್ವಿ. ಮೋಟರು ನಡುವ ಈ ಮಸ್ಕಿಯಾಗ ನಿಂತಾಗ ನೀವು ಚಹಾ ಕುಡೀತೀನಿ ಅಂತ ಇಳದ್ರಿ. ಚಹಾ ಬಿಟ್ಟು ಬೇವಿನ ಗಿಡದ ಕೆಳಗ ಕುಕ್ಕರಗಾಲಿಲೇ ಕುಂತು, ಕಡ್ಡಿ ತಗೊಂಡು ಮಣ್ಣಾಗ ತ್ರಿಕೋಣ ಬರಕೋತ ಉಳದ್ರಿ. ಮೋಟರು ನನ್ನ ಹೊತ್ತಕೊಂಡು ಹೋತು. ಬೀಗರ ಮನಿ ಮುಂದ ಒಬ್ಬಾಕೀನ ಹೋಗಿ ನಿಂತೆ. ಗಂಡ ಎಲ್ಲಿ ಅಂತ ಕೇಳಿದವರಿಗೆಲ್ಲಾ, ನಿದ್ದಿ ಹತ್ತಿತ್ತು, ಇಳದದ್ದು ಗೊತ್ತಾಗಲಿಲ್ಲ ಅಂದೆ. ಹೆಣ್ಣಿನ ಕಡಿಯವರು ಬಾಯಿಗೆ ಸೆರಗು ಹಿಡಕೊಂಡು ನಕ್ಕರು. ಸಂಜಿಮುಂದ ನೀವು ಬಂದು ಏನಂದ್ರಿ? ನನ್ನ ಹಿಂದ ನೀನೂ ಇಳದಿರತಿ ಅಂತ ತಿಳಕೊಂಡಿದ್ದೆ ಅಂದ್ರಿ. ತಪ್ಪಾತು ಅಂಬೋ ಒಂದು ಮಾತು ನಿಮ್ಮ ಬಾಯಾಗ ಬರಲಿಲ್ಲ. ನಾಕು ಮಂದಿ ಮುಂದ ಮಾನ ಕಳದೀರಿ, ನಾಕು ಮಂದಿ ಮುಂದ ತಪ್ಪು ಒಪ್ಪಿಕೊಂಡ ದಿನ ನಿಮ್ಮ ಮನಿಗೆ ಬರ್ತೀನಿ, ಅಲ್ಲೀತನಕ ಮಸ್ಕಿಗೆ ಕಾಲಿಡಬ್ಯಾಡ್ರಿ ಅಂದು ಇಲ್ಲಿ ಬಂದು ಕುಂತೆ.

ನೀವೂ ಅಂಥಾವರೇ. ಕಾಲಿಡಬ್ಯಾಡ್ರಿ ಅಂದ್ರ ಖರೇನ ಇಡಲಿಲ್ಲ. ಲಿಂಗಸುಗೂರಿಗೂ ಸಿಂಧನೂರಿಗೂ ನಡುವಿನ ಊರು ಅಂತ ಪಂದ್ಯ ಮಸ್ಕಿಯಾಗ ಇಟ್ಟಾರ ಅಂತ ಕೇಳಿ, ಈ ಸಲ ಅಳಿಯಾ ಬಂದೇ ಬರ್ತಾನ ಅಂತ ಅವ್ವ ಹೋಳಿಗಿಗೆ ಬ್ಯಾಳಿ ಹಸನ ಮಾಡಿ ಇಟ್ಟಿದ್ದಳು. ಬಂದದ್ದು ಬುಡ್ಡೇಸಾಬ್ ಮಾಸ್ತರು, ಹುಡುಗರು, ಮತ್ತ ನಿಮ್ಮ ಒಂದು ಚೀಟಿ. ಖಾಜಾಸಾಬ್ ಟೇಲರನ ಮಗಳು ಸಕೀನಾಬೀ ಅಂತ ಒಬ್ಬಾಕಿ ಹುಡುಗಿ ಬರ್ತಾಳ, ಮನ್ಯಾಗ ಇಟಕೋರಿ, ಓದಾಕ ಕಂದೀಲು ಕೊಡ್ರಿ, ಕಂದೀಲಿನ ಗಾಜು ಸ್ವಚ್ಛ ಇರಲಿ ಅಂತ ಬರೆದಿದ್ರಿ. ಗಾಜಿನ ಕ್ಷೇಮ ಕೇಳಿದ್ರಿ, ನನ್ನ ಕ್ಷೇಮ ಕೇಳಲಿಲ್ಲ.

ಹುಡುಗಿ ಬಂದಳು. ಸಣ್ಣ ದನಿ, ಅರಿವಿ ಚೀಲದಾಗ ಒಂದು ಪಾಟಿ, ಅಪ್ಪ ಹೊಲದುಕೊಟ್ಟ ಹೊಸ ಜಂಪರು. ಅವ್ವ ಹಿಂದಮುಂದ ನೋಡಿ ಅಡಗಿಮನಿ ಹೊಸ್ತಿಲ ಹೊರಗ ಆಕಿಗೆ ಗಂಗಾಳ ಇಟ್ಟಳು. ಹುಡುಗಿ ಬ್ಯಾಸರ ಮಾಡಕೊಳ್ಳಲಿಲ್ಲ. ರೊಟ್ಟಿ ಮುರದು, ಮುರದ ತುಂಡಿನ ಮೂಲಿ ಬೆರಳಿಲೇ ಮುಟ್ಟಿ ನೋಡಿ ತಿಂದಳು. ನಮ್ಮ ಮನ್ಯಾಗ ನೀವು ಉಣ್ಣೂದೂ ಹಿಂಗೇ ಅಲ್ಲೇನ್ರಿ. ಅದನ್ನ ನೋಡಿ ನನಗ ಬಂದದ್ದು ಸಿಟ್ಟು ಅಂತ ತಿಳಕೊಂಡೆ.

ನಿನ್ನೆ ಶನಿವಾರ ಪಂದ್ಯ. ನಾ ಹೋದದ್ದು ಪಂದ್ಯ ನೋಡಾಕಲ್ಲ, ಲೆಕ್ಕ ಅಂಬೋ ನನ್ನ ಸವತಿನ ನೋಡಾಕ. ಕಟಗೊಂಡ ಹೆಂಡತಿನ ಮೋಟರಿನ್ಯಾಗ ಮರತು ಬಿಡೋಹಂಗ ಮಾಡೋ ಆ ಬೆಡಗಿ ಹೆಂಗ ಇದ್ದಾಳ, ಒಮ್ಮೆ ಕಣ್ಣಾರೆ ನೋಡೇಬಿಡೂಣು ಅಂತ ಹೋದೆ. ಸಾಲಿ ಅಂಗಳದಾಗ ಎರಡು ಕರಿಹಲಗಿ ಒಂದರ ಬೆನ್ನಿಗೆ ಒಂದು ನಿಲ್ಲಿಸಿದ್ರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು ಅಂತ. ಈ ಕಡೆ ಸಕೀನಾ, ಆ ಕಡೆ ಸಿಂಧನೂರಿನ ಹುಡುಗ ಅಯ್ಯಪ್ಪ. ರಾಯಚೂರಿಂದ ಬಂದ ಸಾಹೇಬರೊಬ್ಬರು ಕಾನೂನು ಹೇಳಿದ್ರು. ಉತ್ತರ ಬರೆದು ಸೀಮೆಸುಣ್ಣ ಮೇಜಿನ ಮ್ಯಾಲ ಇಡಬೇಕು. ಒಮ್ಮೆ ಇಟ್ಟವರು ಮತ್ತ ಮುಟ್ಟಂಗಿಲ್ಲ. ಮೊದಲು ಸರಿ ಉತ್ತರ ಇಟ್ಟವರದು ಗೆಲುವು.

ಮೊದಲನೇದು ಸಂಖ್ಯೆದು. ಒಂದರ ಹಿಂದ ಒಂದು ಬರೋ ಯಾವ ಮೂರು ಸಂಖ್ಯೆ ಗುಣಿಸಿದ್ರೂ ಆರರಿಂದ ಯಾಕ ಭಾಗ ಹೋಗತೈತಿ ಅಂತ ಕೇಳಿದ್ರು. ಸಕೀನಾ ಒಂದೂ ಗುಣಾಕಾರ ಮಾಡಲಿಲ್ಲ. ಜೋಡಿ ನಿಂತ ಎರಡರಾಗ ಒಂದು ಸಮ ಇರಲೇಬೇಕು, ಸಾಲಾಗಿ ನಿಂತ ಮೂರರಾಗ ಒಂದು ಮೂರರ ಮಗ್ಗಿಯಾಗ ಬರಲೇಬೇಕು, ಎರಡೂ ಮೂರೂ ಗುಣಿಸಿದ್ರ ಆರು ಅಂತ ಬರೆದು ಇಟ್ಟುಬಿಟ್ಟಳು. ನನಗೂ ತಿಳೀತು ನೋಡ್ರಿ. ಏಳನೇ ಇಯತ್ತೆಗೆ ಸಾಲಿ ಬಿಟ್ಟಾಕಿಗೆ ತಿಳೀತು. ಎಷ್ಟು ಚಂದ ಐತೆಲ್ಲ ಇದು ಅನಿಸಿ, ಅನಿಸಿದ್ದಕ್ಕ ನನ್ನ ಮ್ಯಾಲ ನನಗೇ ಸಿಟ್ಟು ಬಂತು.

ಎರಡನೇದು ಬೀಜಗಣಿತ. ಎರಡು ಸಂಖ್ಯೆ ಕೂಡಿದ್ರ ಹತ್ತು, ಗುಣಿಸಿದ್ರ ಇಪ್ಪತ್ತೊಂದು, ಅವುಗಳ ವರ್ಗ ಕೂಡಿದ್ರ ಎಷ್ಟು? ಇದನ್ನ ಅಯ್ಯಪ್ಪ ಹೊಡದ. ಆ ಸಂಖ್ಯೆ ಯಾವು ಅಂತ ಹುಡುಕಾಕ ಹೋಗಲೇ ಇಲ್ಲ. ಹತ್ತರ ವರ್ಗ ನೂರು, ಅದರಾಗ ಇಪ್ಪತ್ತೊಂದು ಎರಡು ಸಲ ಕಳದು ಐವತ್ತೆಂಟು ಅಂತ ಇಟ್ಟ. ಹುಷಾರ್ ಹುಡುಗ, ಸುಳ್ಳು ಯಾಕ ಹೇಳಲಿ. ಇಬ್ಬರೂ ಸಮ ಆದ್ರು.

ಕಡೀದು ರೇಖಾಗಣಿತ. ತ್ರಿಕೋಣದ ಎರಡು ಬಾಜು ಹದಿಮೂರು, ಹದಿನೈದು. ತುದಿಯಿಂದ ತಳದ ಗೆರಿಗೆ ಇಳಿಸಿದ ಲಂಬ ಹನ್ನೆರಡು. ತಳ ಎಷ್ಟು? ನಾವು ಮದಿವ್ಯಾದ ಹೊಸದಾಗಿ ನೀವು ಅಂಗಳದಾಗ ಹಗ್ಗ ಎಳದು ಗಂಟು ಹಾಕಿ ನನಗ ಇದನ್ನೇ ಕಲಿಸಿದ್ರಿ. ಐದು, ಹನ್ನೆರಡು, ಹದಿಮೂರು. ಒಂಬತ್ತು, ಹನ್ನೆರಡು, ಹದಿನೈದು. ನಾ ಹೆಣ್ಣುಮಕ್ಕಳ ಸಾಲಿನ್ಯಾಗ ಕುಂತು ತುಟಿಯೊಳಗ ಹದಿನಾಲ್ಕು ಅಂದೆ. ಸಕೀನಾ ತ್ರಿಕೋಣ ಬರೆದು, ಲಂಬ ಇಳಿಸಿ, ಒಂಬತ್ತೂ ಐದೂ ಕೂಡಿಸಿ ಹದಿನಾಲ್ಕು ಬರೆದು ಸೀಮೆಸುಣ್ಣ ಇಟ್ಟಳು. ಅಯ್ಯಪ್ಪ ಇನ್ನೂ ಬರೀಲಿಕ್ಕೆ ಹತ್ತಿದ್ದ. ಸಾಹೇಬರು ತಮ್ಮ ಚೀಟಿ ನೋಡಿ ಹೂಂ ಅಂದ್ರು. ಮಂದಿ ಚಪ್ಪಾಳಿ ಹೊಡೀತು. ನಾನೂ ಹೊಡದೆ.

ಹುಡುಗಿ ಮಾತ್ರ ಕೆಳಗ ಇಳೀಲಿಲ್ಲ. ತಾ ಬರೆದ ಚಿತ್ರಾನೇ ನೋಡಕೋತ ನಿಂತಳು. ಆಮ್ಯಾಲ ಕೈ ಎತ್ತಿ, ತಪ್ಪಾಗೇತ್ರಿ, ನನ್ನ ಉತ್ತರ ಅರ್ಧ ಐತ್ರಿ ಅಂದಳು. ಬುಡ್ಡೇಸಾಬ್ ಮಾಸ್ತರು ಹಣಿ ಬಡಕೊಂಡ್ರು. ಸಾಹೇಬರು, ಗೆದ್ದೀಯಲ್ಲವಾ, ಕೆಳಗಿಳಿ ಅಂದ್ರು. ಇಲ್ರಿ, ನಾ ರಾಶಿ ಬರೆದೀನಿ ಅಂದಳು.

ಅಲ್ಲಿ ಯಾರಿಗೂ ತಿಳೀಲಿಲ್ಲ, ನನಗ ತಿಳೀತು. ನಮ್ಮ ಕಡಿ ಹುಡುಗರಿಗೆ ತ್ರಿಕೋಣ ಬರಿ ಅಂದ್ರ ಜ್ವಾಳದ ರಾಶಿ ಬರೀತಾವ, ಹುಟ್ಟಿದಾಗಿಂದ ಕಣದಾಗ ಅದನ್ನೇ ನೋಡ್ಯಾವ ಅಂತ ನೀವು ದಿನಾ ಮನಿಗೆ ಬಂದು ಒದರತಿದ್ರಲ್ಲ. ಅಗಲ ತಳ, ನಟ್ಟನಡುವ ತುದಿ. ಹಂಗ ಬರೆದ್ರ ಲಂಬ ಯಾವಾಗಲೂ ಒಳಗೇ ಬೀಳತೈತಿ. ತ್ರಿಕೋಣ ಒಂದು ಕಡಿ ವಾಲಿ ನಿಂತಿದ್ರ ಲಂಬ ತಳದ ಹೊರಗ ಬೀಳತೈತಿ. ಆವಾಗ ಒಂಬತ್ತೂ ಐದೂ ಕೂಡಿಸೂದಲ್ಲ, ಕಳೀಬೇಕು. ತಳ ನಾಲ್ಕು. ಹದಿನಾಲ್ಕೂ ಹೌದು, ನಾಲ್ಕೂ ಹೌದು.

ಸಾಹೇಬರು ಕಾಲಾಗಿನ ಮಣ್ಣಾಗ ಬಡಿಗಿಲೇ ಗೀಚಿ ನೋಡಿದ್ರು. ಅವರ ಚೀಟ್ಯಾಗೂ ಹದಿನಾಲ್ಕೇ ಇತ್ತು. ದೊಡ್ಡ ಮನುಷ್ಯ, ಹುಡುಗಿ ಹೇಳೂದು ಖರೇ ಐತಿ ಅಂತ ಎಲ್ಲಾರ ಮುಂದ ಒಪ್ಪಿದ್ರು. ಆದ್ರ ಸೀಮೆಸುಣ್ಣ ಇಟ್ಟಾಗೇತಿ, ಕಾನೂನು ಕಾನೂನೇ ಅಂದ್ರು. ಸೀಮೆಸುಣ್ಣ ಇನ್ನೂ ಕೈಯಾಗ ಇದ್ದದ್ದು ಅಯ್ಯಪ್ಪಗ. ಅವ ತನ್ನ ರಾಶಿ ಬಾಜೂಕ ಒಂದು ವಾಲಿದ ತ್ರಿಕೋಣ ಬರೆದು, ನಾಲ್ಕು ಅಂತ ಸೇರಿಸಿ ಇಟ್ಟ. ಢಾಲು ಅವರಿಗೆ ಹೋತು. ಎಲ್ಲಾರಿಗಿಂತ ಮೊದಲು ಚಪ್ಪಾಳಿ ಹೊಡದಾಕಿ ಸಕೀನಾ. ಆ ಹುಡುಗಿ ಮ್ಯಾಲ ನನಗ ಎಷ್ಟು ಅಭಿಮಾನ ಬಂತಂದ್ರ, ಪರಮಂದಿ ನಡುವ ಕಣ್ಣು ಒರಸಿಕೊಂಡೆ.

ಸಂಜಿಮುಂದ ರೊಟ್ಟಿ ಬಡಿಯೋವಾಗ ಅವ್ವ ತಾನಾಗೇ ಆಕಿನ್ನ ಒಳಗ ಕರದು ಒಲಿ ಮುಂದ ಕೂಡಿಸಿಕೊಂಡಳು. ನಾ ಕೇಳಿದೆ, ಸುಮ್ನ ಇದ್ದಿದ್ರ ಯಾರಿಗೆ ಗೊತ್ತಾಗತಿತ್ತು, ಸಾಹೇಬರಿಗೇ ಗೊತ್ತಿರಲಿಲ್ಲ ಅಂತ. ನನಗ ಗೊತ್ತಾಗಿತ್ತಲ್ರೀ ಅಕ್ಕಾರೆ ಅಂದಳು. ಆಮ್ಯಾಲ ಒಲಿ ಕಡಿ ಮಾರಿ ಮಾಡಿ ಹೇಳಿದಳು. ದಸರಾ ಸೂಟಿ ಮುಗದು ಸಾಲಿ ಚಾಲೂ ಆದ ದಿನ ನಮ್ಮ ಮಾಸ್ತರು ಹಲಗಿ ಮ್ಯಾಲ ಒಂದು ಗೆರಿ ಎಳದು, ಇದು ಲಿಂಗಸುಗೂರು, ಇದು ಮಸ್ಕಿ, ಇದು ಸಿಂಧನೂರು ಅಂತ ತೋರಿಸಿ, ತಮ್ಮ ಮಾತೇ ಹೇಳಿದ್ರು. ನಾನು ಇಲ್ಲಿ ಇಳದೆ, ಹೆಂಡತಿ ನನ್ನ ಹಿಂದ ಇಳೀತಾಳ ಅಂತ ಒಂದೇ ಚಿತ್ರ ಬರಕೊಂಡೆ. ಆಕಿ ಒಳಗ ನಿದ್ದಿ ಮಾಡಿರಬಹುದು ಅಂಬೋ ಇನ್ನೊಂದು ಚಿತ್ರ ಬರೀಲಿಲ್ಲ. ತಪ್ಪು ಪೂರಾ ನಂದು. ಆಕಿ ಮುಂದ ಹೇಳಾಕ ಇನ್ನೂ ಧೈರ್ಯ ಬಂದಿಲ್ಲ, ನಿಮ್ಮ ಮುಂದ ಹೇಳಾಕತ್ತೀನಿ. ಒಂದೇ ಚಿತ್ರ ಬರೆದವರು ನನ್ನಂಗ ಗಿಡದ ಕೆಳಗ ಒಬ್ಬರೇ ಉಳೀತೀರಿ, ಎರಡೂ ಬರೀರಿ ಅಂದ್ರಂತ. ಇಷ್ಟು ಹೇಳಿ ಹುಡುಗಿ ನಾಲಿಗಿ ಕಚ್ಚಿಕೊಂಡಳು. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಅವ್ವ ನನ್ನ ಮಾರಿ ನೋಡಿ, ಅದನ್ನ ತಗದು ತನ್ನ ಗಂಗಾಳಕ್ಕ ಹಾಕ್ಕೊಂಡಳು.

ಏನ್ರಿ ಇದು? ವರ್ಗ ತುಂಬ ಹುಡುಗರಿಗೆ ಗೊತ್ತು, ಟೇಲರನ ಮಗಳಿಗೆ ಗೊತ್ತು, ಕಟಗೊಂಡಾಕಿಗೆ ಗೊತ್ತಿಲ್ಲ. ಇಷ್ಟು ದಿನ ಇಲ್ಲಿ ನಾ ಒಬ್ಬಾಕಿ ಕುದಕೋತ ಕುಂತೆ. ಬೈಬೇಕು ಅಂತ ಕಾಗದ ತಗದೆ, ಬೈಗುಳ ಬರವಲ್ದು. ನಾಕು ಮಂದಿ ಮುಂದ ಅಂತ ಅಂದಿದ್ದೆ ನಾನು, ನನ್ನ ಮುಂದ ಅಂತ ಅಂದಿರಲಿಲ್ಲ. ನನ್ನ ಷರತ್ತಿನ್ಯಾಗೂ ಒಂದೇ ಚಿತ್ರ ಇತ್ತು. ಮ್ಯಾಲ ನಿಂತು ಕಲಿಸೋ ಮನುಷ್ಯ ಸಣ್ಣ ಹುಡುಗರ ಮುಂದ ತಪ್ಪು ನಂದು ಅಂತ ಹೇಳೂದು ಸಣ್ಣ ಮಾತಲ್ಲ. ನೀವು ಹೇಳಿದ್ದನ್ನ ಆ ಹುಡುಗಿ ಗೆಲುವು ಬಿಟ್ಟು ನಡಸಿ ತೋರಿಸಿದಳು. ನಿಮ್ಮ ಮ್ಯಾಲ ನನಗ ಹೆಮ್ಮಿ ಐತಿ. ಇದನ್ನ ಮತ್ತೊಮ್ಮೆ ಬರಿ ಅಂದ್ರ ಬರೆಯಾಂಗಿಲ್ಲ.

ಸಕೀನಾಗ ಯಾರೂ ಒಂದು ಮಾತು ಅನ್ನಬಾರದು. ಹೆಡ್‌ಮಾಸ್ತರಿಗೆ ಬೇಕಾದ್ರ ಈ ಕಾಗದದ ಮೊದಲನೇ ಹಾಳಿ ಬಿಟ್ಟು ನಡುವಿನ ಹಾಳಿ ತೋರಿಸ್ರಿ. ಖಾಜಾಸಾಬಗೂ ನೀವೇ ಹೋಗಿ ಹೇಳ್ರಿ, ಮಗಳು ಸೋತು ಬಂದಿಲ್ಲ ಅಂತ. ಅವ್ವ ಆ ಬ್ಯಾಳಿ ಮತ್ತ ಹೊರಗ ತಗದಾಳ, ಹೋಳಿಗಿ ಕಟಗೊಂಡು ಬರೋ ಗುರುವಾರ ಮುಂಜಾನಿ ಮೋಟರಿಗೆ ಬರ್ತೀನಿ. ಕಂದೀಲಿನ ಗಾಜು ಸ್ವಚ್ಛ ಇಟ್ಟಿರ್ರಿ.

ಇಂತಿ,
ನಿಮ್ಮ ಮನಿಯಾಕಿ,
ವೀರಭದ್ರಮ್ಮ

ತಾ.ಕ.: ನಿಮ್ಮ ಎರಡು ಚಿತ್ರದಾಗೂ ಬರದ ಮೂರನೇದು ಒಂದೈತಿ. ಆ ದಿನ ನನಗ ನಿದ್ದಿ ಹತ್ತಿರಲಿಲ್ಲ. ಕಿಟಕ್ಯಾಗ ನಿಮ್ಮನ್ನೇ ನೋಡಕೋತ ಕುಂತಿದ್ದೆ. ನೀವು ಮಣ್ಣಾಗ ಬರೆದದ್ದೂ ರಾಶೀನೇ ಇತ್ತು. ಕಂಡಕ್ಟರು ಸೀಟಿ ಊದಿದಾಗ ಕೂಗಬೇಕು ಅಂತ ಬಾಯಿ ತಗದೆ, ಕೂಗಬೇಕಂದ್ರ ಹೆಸರು ಹಿಡದು ಕೂಗಬೇಕು, ಮೋಟರು ತುಂಬ ಮಂದಿ. ಕಂಡಕ್ಟರಗ ಹೇಳಬಹುದಿತ್ತು. ಹೇಳಲಿಲ್ಲ, ನೀವಾಗೇ ಒಮ್ಮೆ ತಲಿ ಎತ್ತತೀರಿ ಅಂತ ಕಾದೆ. ಗುರುವಾರ ಮೋಟರು ಬಂದು ನಿಂತಾಗ ತಲಿ ಎತ್ತಿ ನಿಂತಿರ್ರಿ. ಇಲ್ಲಾಂದ್ರ ಈ ಸಲ ಲಿಂಗಸುಗೂರಿನ ಮಂದಿ ಎಲ್ಲಾ ಕೇಳೋಹಂಗ ಹೆಸರು ಹಿಡದೇ ಕೂಗತೀನಿ.