ನಲವತ್ತು ಗುರುವಾರ

ಬೇಗೂರು
ಭಾನುವಾರ, ೨೦ ಜುಲೈ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಪುಣೆಯಲ್ಲಿ ಮಳೆ ಜೋರು ಎಂದು ಟೀವಿಯಲ್ಲಿ ತೋರಿಸುತ್ತಿದ್ದರು. ಲಿಫ್ಟ್ ಇಲ್ಲದ ಆ ಮೂರನೇ ಮಹಡಿಯ ಮನೆಯನ್ನು ಇನ್ನಾದರೂ ಬಿಡಬಾರದೇ? ಭಾವನಿಗೆ ಸಕ್ಕರೆ ಹತೋಟಿಯಲ್ಲಿದೆಯೇ? ನಿಜ ಹೇಳಬೇಕೆಂದರೆ ಇದನ್ನೆಲ್ಲ ಕೇಳುವ ಮನಸ್ಸು ಇವತ್ತು ನನಗಿಲ್ಲ. ಆದರೂ ಕಾಗದದಲ್ಲಿ ಮೊದಲು ಆರೋಗ್ಯ, ಆಮೇಲೆ ಜಗಳ ಎಂದು ಅಮ್ಮ ಅಭ್ಯಾಸ ಮಾಡಿಸಿ ಹೋಗಿದ್ದಾಳೆ, ಕೈ ತಾನಾಗಿಯೇ ಬರೆಯುತ್ತದೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ಎದ್ದವರು ಮಹಡಿಯ ಬಾಡಿಗೆಯವರ ಮೇಲೆ ಕೂಗಾಡಿದರೆ ಆ ದಿನ ಅವರಿಗೆ ಆರೋಗ್ಯ ಸರಿಯಿದೆ ಎಂದು ಲೆಕ್ಕ. ಇವತ್ತು ನೀರಿನ ಮೋಟಾರ್ ಆಫ್ ಮಾಡದೆ ಹೋದದ್ದಕ್ಕೆ ಎರಡನೇ ಮಹಡಿಯ ಹುಡುಗಿಯರಿಗೆ ಅರ್ಧ ಗಂಟೆ ಪಾಠ ಆಯಿತು.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು ನಿನ್ನ ಆ ಕೌನ್ಸೆಲಿಂಗ್ ಕಸುಬಿನ ಮೌನ ಹಿಡಿದು ಕೂರುತ್ತೀಯ. ನಾನು ಕೂಗಾಡುತ್ತೇನೆ, ನೀನು ಮೆಲ್ಲಗೆ “ಹ್ಞೂಂ” ಎನ್ನುತ್ತೀಯ, ಇನ್ನೊಂದು ಸ್ವಲ್ಪ ಕೂಗಾಡುತ್ತೇನೆ, ಕೊನೆಗೆ ತಪ್ಪು ನನ್ನದೇ ಇರಬೇಕು ಎನ್ನಿಸಿ ಫೋನ್ ಇಟ್ಟುಬಿಡುತ್ತೇನೆ. ನಾನೂ ಈಗ ಅದೇ ಕಸುಬಿನವಳು, ಆ ಹ್ಞೂಂ ಎಲ್ಲಿಂದ ಬರುತ್ತದೆ ಎಂದು ನನಗೂ ಗೊತ್ತು. ಆದ್ದರಿಂದ ಈ ಸಲ ನಾನು ಪೂರ್ತಿ ಮಾತಾಡಿ ಮುಗಿಸುವ ತನಕ ನೀನು ಏನೂ ಅನ್ನುವ ಹಾಗಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಆ ಮನೋವಿಶ್ಲೇಷಣೆಯ ಕೋರ್ಸಿಗೆ ನನ್ನನ್ನು ಸೇರಿಸಿದವಳು ನೀನೇ, ನೆನಪಿದೆಯಲ್ಲ? ಬೊಮ್ಮಸಂದ್ರದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಹತ್ತು ಜನರನ್ನು ನೋಡಿ ಸುಸ್ತಾಗಿದ್ದೇನೆ, ಎಲ್ಲರಿಗೂ ಅದೇ ಉಸಿರಾಟದ ಅಭ್ಯಾಸ, ಅದೇ ನಾಲ್ಕು ಸಮಾಧಾನದ ಮಾತು ಎಂದು ನಾನು ಗೊಣಗಿದಾಗ, “ಶನಿವಾರದ್ ಕ್ಲಾಸಿಗೆ ಸೇರ್ಕೊ ಕಣೆ, ಅಲ್ಲಿಗೆ ಹೋದ್ಮೇಲೇನೇ ನಂಗೂ ಕೇಳೋದು ಅಂದ್ರೆ ಏನು ಅಂತ ಗೊತ್ತಾಗಿದ್ದು” ಎಂದೆ. ಸೇರಿದೆ. ಟೈಲ್ಸ್ ಅಂಗಡಿಯ ಮೇಲಿನ ಅದೇ ಹಾಲ್, ಅದೇ ಕಿರುಗುಟ್ಟುವ ಫ್ಯಾನು, ಬಾಗಿಲಲ್ಲೇ ಫೋನುಗಳನ್ನು ಆಫ್ ಮಾಡಿ ಹಾಕುವ ಅದೇ ಬಿದಿರಿನ ಬುಟ್ಟಿ. ನಾವು ಎಂಟು ಜನ. ಎಲ್ಲರೂ ವರ್ಷಗಟ್ಟಲೆ ಕೆಲಸ ಮಾಡಿದವರೇ, ಆದರೂ ಶನಿವಾರ ಬಂದರೆ ಶಾಲೆಯ ಮಕ್ಕಳ ಹಾಗೆ ನೋಟ್‌ಬುಕ್ ಹಿಡಿದು ಓಡುತ್ತೇವೆ. ವನಜಾ ಮೇಡಂ ಪಾಠ ಮಾಡಿದರೆ ಮಧ್ಯಾಹ್ನದ ಊಟ ಮರೆತುಹೋಗುತ್ತದೆ. ಆರು ತಿಂಗಳು ನಾನು ನಿನ್ನನ್ನು ಮನಸ್ಸಿನಲ್ಲೇ ಹೊಗಳಿಕೊಂಡು ಓಡಾಡಿದ್ದೇನೆ ಅಕ್ಕಾ, ಅದೂ ಗೊತ್ತಿರಲಿ.

ನಿನ್ನೆ ಹಳೆಯ ವಿದ್ಯಾರ್ಥಿಗಳ ಕೇಸ್ ಓದುವ ದಿನ. ಕ್ರಮ ನಿನಗೆ ಗೊತ್ತೇ ಇದೆ. ಬರೆದವರ ಹೆಸರಿಲ್ಲ, ರೋಗಿಯ ಹೆಸರು ಊರು ಬದಲಾಗಿರುತ್ತದೆ, ಪ್ರತಿಗಳಿಗೆ ನಂಬರ್ ಹಾಕಿರುತ್ತಾರೆ, ಓದಿ ಮುಗಿಸಿ ವಾಪಸ್ ಕೊಡಬೇಕು. ಸುಮಾರು ವರ್ಷಗಳಲ್ಲಿ ಬಂದ ಒಳ್ಳೆಯ ಕೇಸುಗಳಲ್ಲಿ ಇದೂ ಒಂದು, ಈ ವರ್ಷ ಕೋರ್ಸಿನ ಸಂಕಲನದಲ್ಲಿ ಅಚ್ಚಾಗುತ್ತಿದೆ ಎಂದು ಮೇಡಂ ಹೇಳಿದರು. ನನಗೆ ಏಳನೇ ನಂಬರಿನ ಪ್ರತಿ ಬಂತು. ರೋಗಿಯ ಹೆಸರು ಮೇಘಾ. ದಾವಣಗೆರೆ ಕಡೆಯ ಮನೆತನ, ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ವಾಸ, ಬ್ಯಾಂಕಿನಲ್ಲಿ ಅಧಿಕಾರಿ, ತಾಯಿ ಸಿದ್ದಮ್ಮ ತೀರಿಕೊಂಡು ಎರಡು ತಿಂಗಳಾಗಿದೆ, ಅಳು ಬರುತ್ತಿಲ್ಲ, ನಿದ್ದೆ ಇಲ್ಲ. ಪಾಪ ಯಾರೋ ಎಂದುಕೊಂಡು ಪುಟ ತಿರುಗಿಸಿದೆ. ಎರಡನೇ ಪುಟದಲ್ಲಿ ಆ ಮಗಳು, ಮೂರನೇ ದಿನದ ಹಾಲು-ತುಪ್ಪಕ್ಕೆ ಹೋದಾಗ, ಎಲ್ಲರೂ ಎಲೆಯ ಮೇಲೆ ಸತ್ತವರಿಗೆ ಇಷ್ಟವಾದ ತಿಂಡಿ ಇಡುತ್ತಿದ್ದರೆ, ತಾಯಿಯ ಕಿವಿಯ ಮೆಷಿನ್‌ಗೆ ಹಾಕುವ ಸೆಲ್ಲಿನ ಹೊಸ ಪ್ಯಾಕೆಟ್ ಇಟ್ಟಳು ಎಂದಿತ್ತು.

ನೀನು ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ, ಜಾತಿ, ಕೆಲಸ, ವಯಸ್ಸು ಎಲ್ಲ ಬದಲಾಯಿಸಿದೆ. ಆ ಸೆಲ್ಲನ್ನು ಮಾತ್ರ ಬಿಡಲು ನಿನಗೆ ಮನಸ್ಸು ಬರಲಿಲ್ಲ. ಅರ್ಥವಾಗುತ್ತದೆ, ನಮ್ಮ ಕಸುಬಿನಲ್ಲಿ ಅಂಥದ್ದೊಂದು ಸಿಕ್ಕರೆ ಯಾರು ಬಿಡುತ್ತಾರೆ? ನಿನ್ನೆ ಆ ಒಂದು ಪ್ಯಾಕೆಟ್ ಮೇಲೆ ನಲವತ್ತು ನಿಮಿಷ ಚರ್ಚೆಯಾಯಿತು. ಬದುಕಿದ್ದಾಗ ಕೇಳಿಸಿಕೊಳ್ಳದ ತಾಯಿ ಈಗಲಾದರೂ ಕೇಳಲಿ ಎಂಬ ಆಸೆ ಎಂದರು ಒಬ್ಬರು. ಅಲ್ಲ, ಅದರಲ್ಲಿ ಸೇಡಿದೆ ಎಂದರು ಇನ್ನೊಬ್ಬರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಅಮ್ಮ ಹೋಗುವ ಹಿಂದಿನ ದಿನ ಮೆಡಿಕಲ್ ಸ್ಟೋರಿನಿಂದ ತಂದಿದ್ದೆ, ಪರ್ಸಿನಲ್ಲೇ ಉಳಿದಿತ್ತು, ಅವಳ ವಸ್ತು ಅವಳಿಗೇ ಸೇರಲಿ ಎಂದು ಇಟ್ಟೆ. ಅಷ್ಟೇ ಇದ್ದದ್ದು.

ಇನ್ನು ಹೇಳಲು ಕಷ್ಟವಾದದ್ದು. ಹನ್ನೊಂದನೇ ದಿನದ ತಿಥಿ ಮುಗಿದ ಸಂಜೆ, ಮಿಕ್ಕ ವಡೆಗಳನ್ನು ಬಾಡಿಗೆಯವರ ಮನೆಗಳಿಗೆ ಕೊಡಲು ನಾವಿಬ್ಬರೇ ಅಡುಗೆಮನೆಯಲ್ಲಿ ಡಬ್ಬಿಗೆ ತುಂಬುತ್ತಿದ್ದಾಗ, ನಾನು ನಿನಗೆ ಒಂದು ಮಾತು ಹೇಳಿದೆ. ಆ ಶನಿವಾರ ಮಧ್ಯಾಹ್ನ ಅಪ್ಪ ಔಷಧಿ ತರಲು ಹೋಗಿದ್ದಾಗ ಅಮ್ಮ ಮಂಚದ ಮೇಲಿಂದ ನೀರು ಕೇಳಿದಳು, ಮೂರು ದಿನದಿಂದ ಕಣ್ಣು ಮುಚ್ಚದ ನಾನು ಕೆಳಗೆ ಚಾಪೆಯಲ್ಲಿ ನಿದ್ದೆ ಬಂದವಳ ಹಾಗೆ ನಟಿಸಿದೆ, ಆಮೇಲೆ ನಿಜಕ್ಕೂ ನಿದ್ದೆ ಬಂತು, ಎದ್ದಾಗ ಅವಳಿರಲಿಲ್ಲ ಎಂದು. ಎಣ್ಣೆಯ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ನೀನೂ ಅತ್ತೆ. “ನಂಗೆ ಹೇಳ್ದೆ ಅಲ್ವಾ, ಸಾಕು. ಇನ್ಯಾರ್ಗೂ ಹೇಳಕ್ಕೋಗ್ಬೇಡ ಕಣೆ” ಎಂದೆ. ನಾನು ಹೇಳಲಿಲ್ಲ. ಅಪ್ಪನಿಗೂ ಇವತ್ತಿನ ತನಕ ಹೇಳಿಲ್ಲ. ನೀನು ಹೇಳಿದೆ. ಆರನೇ ಪುಟದಲ್ಲಿ, ನಾಲ್ಕನೇ ಭೇಟಿ ಎಂಬ ತಲೆಬರಹದ ಕೆಳಗೆ ಅದು ಇದೆ. ಮೇಘಾ ಇದನ್ನು ಹೇಳಿದಾಗ ಚಿಕಿತ್ಸಕಿ ಮೌನವಾಗಿದ್ದಳಂತೆ. ನನ್ನ ಕೈಗೆ ಹತ್ತಿದ ಎಣ್ಣೆ ಎಲ್ಲಿ ಹೋಯಿತು ಅಕ್ಕಾ?

ಅದಾದ ಮೇಲೆ ಭೇಟಿಗಳ ಪಟ್ಟಿ ನೋಡಿದೆ. ವಾರಕ್ಕೊಂದು, ಒಟ್ಟು ನಲವತ್ತು, ಗುರುವಾರ ಸಂಜೆ ಆರು ಗಂಟೆ. ಮೊದಲು ಹೊಳೆಯಲೇ ಇಲ್ಲ, ಯಾಕೆಂದರೆ ಅವುಗಳನ್ನು ನಾನು ಭೇಟಿ ಎಂದು ತಿಳಿದಿರಲಿಲ್ಲ. ಅಕ್ಕನ ಫೋನು ಎಂದು ತಿಳಿದಿದ್ದೆ. ಗುರುವಾರ ಆರಕ್ಕೆ ಸರಿಯಾಗಿ ನಿನ್ನ ಫೋನು ಬರುತ್ತದೆ ಎಂದು ಕ್ಲಿನಿಕ್ಕಿನಲ್ಲಿ ಐದೂವರೆಯ ಮೇಲೆ ಯಾರಿಗೂ ಟೈಮ್ ಕೊಡುತ್ತಿರಲಿಲ್ಲ. ನಿದ್ದೆ ಬಂತಾ, ಕನಸು ಬಿತ್ತಾ, ಅದರಲ್ಲಿ ಅಮ್ಮ ಏನಂದಳು ಎಂದು ಎಷ್ಟು ಅಕ್ಕರೆಯಿಂದ ಕೇಳುತ್ತಿದ್ದೆ. ಏಳಕ್ಕೆ ಹತ್ತು ನಿಮಿಷ ಇರುವಾಗ “ಸರಿ ಕಣೆ, ಇವತ್ತಿಗೆ ಇಷ್ಟು ಸಾಕು” ಎನ್ನುತ್ತಿದ್ದೆ. ಪ್ರತಿ ವಾರ ಐವತ್ತೇ ನಿಮಿಷ! ನಿನಗೆ ಮನೆಯಲ್ಲಿ ಒಲೆಯ ಮೇಲೆ ಏನೋ ಇರಬೇಕು ಎಂದುಕೊಳ್ಳುತ್ತಿದ್ದೆ ನಾನು, ಪೆದ್ದಿ. ಪೂರ್ತಿ ನಲವತ್ತು ಭೇಟಿಯ ಕೇಸ್ ಇಲ್ಲದೆ ಸರ್ಟಿಫಿಕೇಟ್ ಇಲ್ಲ, ನಿನ್ನ ರೋಗಿ ಕೆಲಸ ಬದಲಾಯಿಸಿ ಹೈದರಾಬಾದಿಗೆ ಹೋಗಿಬಿಟ್ಟ ಎಂದು ನೀನು ತಲೆ ಚಚ್ಚಿಕೊಂಡದ್ದು ಈಗ ನೆನಪಾಗುತ್ತಿದೆ. ಹೋದ ವರ್ಷ ಮಾರ್ಚ್ ತಿಂಗಳಿನಲ್ಲಿ ನಿನ್ನ ಕೋರ್ಸ್ ಮುಗಿಯಿತು, ಗುರುವಾರದ ಫೋನೂ ನಿಂತಿತು. ಪುಣೆಗೆ ಹೋಗುವ ಗಡಿಬಿಡಿ ಎಂದು ಸುಮ್ಮನಿದ್ದೆ. ಪರಸ್ಪರ ಒಪ್ಪಿಗೆಯಿಂದ ಚಿಕಿತ್ಸೆ ಮುಕ್ತಾಯವಾಯಿತು ಎಂದು ಕೊನೆಯ ಪುಟದಲ್ಲಿ ಬರೆದಿದ್ದೀಯ. ಏನು ಒಪ್ಪಿಗೆ? ಎರಡು ಗುರುವಾರ ನಾನು ಆರರಿಂದ ಏಳರ ತನಕ ಫೋನ್ ಕೈಯಲ್ಲಿ ಹಿಡಿದು ಕ್ಲಿನಿಕ್ಕಿನಲ್ಲೇ ಕೂತಿದ್ದೆ.

ಸ್ವಂತದವರಿಗೆ ಚಿಕಿತ್ಸೆ ಮಾಡಬಾರದು ಎಂದು ಮೊದಲನೇ ಕ್ಲಾಸಿನಲ್ಲೇ ಹೇಳಿಕೊಡುತ್ತಾರೆ. ಅದನ್ನು ಬಿಡು, ನಿಯಮ ಮುರಿದೆ ಎಂದು ನಾನು ಅಳುತ್ತಿಲ್ಲ. ಅದರಿಂದ ನನಗೆ ಉಪಯೋಗವಾಗಲಿಲ್ಲ ಎಂದೂ ಹೇಳಲಾರೆ, ಆ ಗುರುವಾರಗಳಿಲ್ಲದಿದ್ದರೆ ಆ ವರ್ಷ ನಾನು ಏನಾಗುತ್ತಿದ್ದೆನೋ. ಅದೇ ನನಗೆ ತಡೆಯಲಾಗದ ಸಂಕಟ. ನೀನು ಕೇಳಿದ್ದರೆ ಕೊಡುತ್ತಿದ್ದೆ. “ನನ್ ಕೋರ್ಸಿಗೆ ಬೇಕು ಕಣೆ, ಬರ್ಕೊಳ್ಲಾ?” ಎಂದಿದ್ದರೆ, ನಾಲ್ಕು ಬೈದು ಹ್ಞೂಂ ಎನ್ನುತ್ತಿದ್ದೆ. ನೀನು ನನ್ನ ಮೇಲಿನ ಪ್ರೀತಿಗೆ ಫೋನ್ ಮಾಡಿದ ವಾರ ಯಾವುದು, ಪುಟ ತುಂಬಿಸಲು ಮಾಡಿದ ವಾರ ಯಾವುದು ಎಂದು ನಿನ್ನೆಯಿಂದ ಒಂದೊಂದನ್ನೇ ನೆನೆಸಿಕೊಂಡು ನೋಡುತ್ತಿದ್ದೇನೆ. ಗೊತ್ತಾಗುತ್ತಿಲ್ಲ. ನಂಬಿದವಳಿಗೆ ಮೋಸ ಮಾಡಿದೆ ಅಕ್ಕಾ, ಬೇರೆ ಮಾತು ನನಗೆ ಸಿಗುತ್ತಿಲ್ಲ.

ನಮ್ಮ ಬ್ಯಾಚಿನಲ್ಲಿ ಈರೇಶ್ ಎಂದು ಗದಗಿನ ಕಡೆಯವರೊಬ್ಬರಿದ್ದಾರೆ, ಪೀಣ್ಯದ ಫ್ಯಾಕ್ಟರಿಗಳಲ್ಲಿ ಕೌನ್ಸೆಲಿಂಗ್ ಮಾಡುತ್ತಾರೆ. ಮಾತು ಕಡಿಮೆ. ನಿನ್ನೆ ಎಲ್ಲರೂ ಸೆಲ್ಲು, ನೀರು, ತಾಯಿಯ ಹಾಲು ಎಂದು ಎಲ್ಲೆಲ್ಲೋ ತೇಲುತ್ತಿದ್ದಾಗ ಅವರು ಕೈ ಎತ್ತಿದರು. “ಮೇಡಂ, ಹಿಂಗ ಹಾಲು-ತುಪ್ಪ ಅಂತ ಮಾಡೋದು ನಮ್ಮ ಮಂದ್ಯಾಗ ನಾ ಕಂಡಿಲ್ಲ. ಅದು ಹೋಗ್ಲಿ. ಈ ಮನ್ಯಾಗಿಂದ ಯಾರನ್ನೋ ಒಬ್ಬರನ್ನ ತೆಗೆದಾರ ಅನಸ್ತದ. ತಿಂಗಳಾನುಗಟ್ಟಲೆ ಜಡ್ಡು, ತಿಥಿ, ಇಷ್ಟ್ ಮಂದಿ ಊಟ, ಎಲ್ಲಾ ಒಬ್ಬಾಕಿನ ಮಾಡ್ಯಾಳೇನ್ರಿ?” ಮೇಡಂ ಮೊದಲ ಪುಟ ತೆಗೆದು ಓದಿ ಹೇಳಿದರು, ಮೇಘಾ ತಂದೆತಾಯಿಗೆ ಒಬ್ಬಳೇ ಮಗಳು, ಒಡಹುಟ್ಟಿದವರಿಲ್ಲ. ನಾನು ಆ ಸಾಲನ್ನು ಗಮನಿಸಿರಲಿಲ್ಲ. ಗುರುತು ಮರೆಸಲು ಮಾಡಿರುತ್ತೀಯ, ಗೊತ್ತು. ಆದರೂ ನನ್ನ ಪ್ರತಿ ತೆಗೆದು ಆ ಸಾಲನ್ನು ಎರಡು ಸಲ ಓದಿದೆ. ನೀನು ನನ್ನ ಗುಟ್ಟನ್ನು ಅದರಲ್ಲಿ ಇಟ್ಟುಕೊಂಡೆ, ನಿನ್ನನ್ನೇ ತೆಗೆದುಬಿಟ್ಟೆ. ಇಡೀ ಕೇಸಿನಲ್ಲಿ ತಪ್ಪು ಮಾಡಿದವಳು ಒಬ್ಬಳೇ ಇದ್ದಾಳೆ, ನಾನು.

ಏಳನೇ ನಂಬರಿನ ಪ್ರತಿಯನ್ನು ನಾನು ವಾಪಸ್ ಕೊಡಲಿಲ್ಲ, ಬ್ಯಾಗಿಗೆ ಹಾಕಿಕೊಂಡು ಬಂದಿದ್ದೇನೆ. ಬರೆದವರು ಯಾರು ಎಂದು ಮೇಡಂಗೆ ಗೊತ್ತು, ರೋಗಿ ಯಾರು ಎಂದು ಗೊತ್ತಿಲ್ಲ. ಮುಂದಿನ ಶನಿವಾರ, ಇಪ್ಪತ್ತಾರನೇ ತಾರೀಖು, ಈ ಕೇಸಿನ ಮೇಲೆ ಮಾತಾಡುವ ಸರದಿ ನನ್ನದೇ, ಪಟ್ಟಿಯಲ್ಲಿ ಹೆಸರು ಬಂದಿದೆ. ಅದಾದ ವಾರಕ್ಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನೀನು ಮೇಡಂಗೆ ಬರೆದು, ರೋಗಿಯ ಒಪ್ಪಿಗೆ ಇಲ್ಲ, ಕೇಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಬೇಕು. ಸರ್ಟಿಫಿಕೇಟ್ ಏನಾಗುತ್ತದೋ ಆಗಲಿ, ಅದು ನಿನಗೂ ಅವರಿಗೂ ಬಿಟ್ಟದ್ದು. ನೀನು ಬರೆಯದಿದ್ದರೆ ನಾನು ಎದ್ದು ನಿಂತು, ಮೇಘಾ ನಾನೇ ಎನ್ನುತ್ತೇನೆ. ಬೆದರಿಕೆ ಎಂದುಕೊಂಡರೆ ಬೆದರಿಕೆಯೇ. ನಿನ್ನನ್ನು ಎಲ್ಲರೆದುರು ಹೀಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ, ಆದರೂ ನಿಲ್ಲಿಸುತ್ತೇನೆ.

ಕಾಗದ ಉದ್ದವಾಯಿತು. ಅಪ್ಪ ಊಟಕ್ಕೆ ಕರೆಯುತ್ತಿದ್ದಾರೆ. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದರು, ಅಕ್ಕನಿಗೆ ಎಂದೆ, ಹಾಗಾದರೆ ನನ್ನ ಆಶೀರ್ವಾದವನ್ನೂ ಸೇರಿಸು ಎಂದರು, ಸೇರಿಸಿದ್ದೇನೆ. ಭಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊ, ಮಾತ್ರೆ ನುಂಗುತ್ತಲೇ ಇರಬೇಡ.

ಇಷ್ಟಾದರೂ ನಿನ್ನ ತಂಗಿ,
ಕೃಪಾ

ಮರೆತು ಬಿಟ್ಟದ್ದಲ್ಲ, ಬರೆಯಬಾರದು ಎಂದಿದ್ದೆ. ಅಂಟಿಸಿದ ಕವರನ್ನು ಹರಿದು ಬರೆಯುತ್ತಿದ್ದೇನೆ, ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಅಕ್ಕಾ, ಅಮ್ಮ ಅವತ್ತು ನೀರು ಕೇಳಲಿಲ್ಲ. ನೀರಿನ ಚೊಂಬು ಅವಳ ಕೈಗೆ ಎಟುಕುವ ಹಾಗೆ ಮಂಚದ ಪಕ್ಕದಲ್ಲೇ ಇತ್ತು. ಅವಳು ಕೇಳಿದ್ದು ನಿನ್ನನ್ನು, “ಸ್ಯಾಮ್ಲ ಬಂದ್ಲಾ?” ಎಂದು. ಬೆಳಗಿನಿಂದ ಅದೊಂದೇ ಮಾತು. ನಿನಗೆ ಹನ್ನೆರಡು ಸಲ ಫೋನ್ ಮಾಡಿದೆ. ಶನಿವಾರವಲ್ಲವೇ, ನೀನು ಆ ಕ್ಲಾಸಿನಲ್ಲಿದ್ದೆ, ನಿನ್ನ ಫೋನ್ ಆ ಬುಟ್ಟಿಯಲ್ಲಿತ್ತು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಅದಕ್ಕೇ ನಿದ್ದೆ ಬಂದವಳ ಹಾಗೆ ಮಲಗಿದೆ. ಇದನ್ನು ಕೇಳಿ ನೀನು ಬದುಕುವುದು ಹೇಗೆ ಎಂದು ಅಡುಗೆಮನೆಯಲ್ಲಿ ನೀರು ಎಂದೆ. ನಲವತ್ತು ಗುರುವಾರವೂ ನೀರು ಎಂದೇ ಹೇಳಿದೆ. ಇನ್ನು ಮುಚ್ಚಿಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಕೊನೆಯ ಸಲ ಕೇಳಿ, ನಾನು ಏಳದ್ದನ್ನು ನೋಡಿ, ಅವಳೇ ತನಗೆ ತಾನು “ಬತ್ತಾಳೆ ಬುಡು, ದೊಡ್ಡೋಳು” ಎಂದುಕೊಂಡು ಬಾಗಿಲ ಕಡೆ ಮಗ್ಗುಲಾದಳು.